ರೂಮ್‌ಮೇಟ್ ಅರ್ಧಕ್ಕೇ ಬಿಟ್ಟುಹೋದ, ಅವನ ಪಾಲಿನ ಬಾಡಿಗೆ ನಾವ್ಯಾಕೆ ಕಟ್ಟಬೇಕು?

ಮೂರನೇಮಹಡಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ.

ನಾವು ಮೂರು ಜನ ಸೇರಿ ಒಂದು ಮನೆ ಹಿಡಿದಿದ್ವಿ. 11 ತಿಂಗಳ ಅಗ್ರಿಮೆಂಟ್, ಮೂವರದ್ದೂ ಸಹಿ ಇದೆ. ಅಡ್ವಾನ್ಸ್ ಸಮಪಾಲು. ಬಾಡಿಗೆ ನನ್ನ ಖಾತೆಯಿಂದ ಓನರ್‌ಗೆ ಹೋಗತ್ತೆ, ಮಿಕ್ಕ ಇಬ್ಬರು ತಮ್ಮ ಪಾಲು ನನಗೆ ಹಾಕ್ತಾರೆ. ಐದು ತಿಂಗಳು ತಕರಾರೇ ಇರಲಿಲ್ಲ. ಹೋದ ತಿಂಗಳು ಭಾನುವಾರ ನಾವಿಬ್ಬರೂ ಹೊರಗಡೆ ಹೋಗಿದ್ದಾಗ ನಡುಕೋಣೆಯಲ್ಲಿ ಇದ್ದವನು ಗಂಟುಮೂಟೆ ಕಟ್ಟಿಕೊಂಡು ಹೋಗೇಬಿಟ್ಟ. ರಾತ್ರಿ ಮೆಸೇಜ್: "ಕೆಲಸ ಬದಲಾಯ್ತು. ನನ್ನ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಪಾಲು ಹಿಡ್ಕೊಂಡು ಮಿಕ್ಕಿದ್ದು ಕಳಿಸಿ."

ಓನರ್‌ಗೆ ಫೋನ್ ಮಾಡಿದ್ರೆ ಒಂದೇ ಮಾತು: "ಅದೆಲ್ಲ ನಿಮ್ಮ ನಿಮ್ಮಲ್ಲಿ. ನನಗೆ ಐದನೇ ತಾರೀಖು ಪೂರ್ತಿ ಬಾಡಿಗೆ ಬರಬೇಕು."

ನನ್ನ ಪ್ರಶ್ನೆ: ನಮ್ಮ ಪಾಲು ನಾವು ಕಟ್ಟಿದ್ರೆ ಸಾಲದಾ? ಓಡಿಹೋದವನ ಪಾಲನ್ನ ಓನರ್ ಅವನ ಹತ್ರಾನೇ ಕೇಳ್ಬೇಕಲ್ವಾ?

---

ಗಿರಕಿ

ಗುರು, ಮೂರು ಕಾಲಿನ ಸ್ಟೂಲಲ್ಲಿ ಒಂದು ಕಾಲು ಮುರಿದ್ರೆ ಮಿಕ್ಕ ಎರಡು ಕಾಲು "ನಮ್ಮ ಪಾಲು ನಾವು ನಿಂತಿದೀವಿ" ಅಂದ ಹಾಗಾಯ್ತು.

---

ಸಿವಿಲ್‌ಸೈಡು

ವಕೀಲಿ ನನ್ನ ಕಸುಬು, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಕಾಗದ ನೋಡದೆ ಹೇಳುತ್ತಿರುವುದರಿಂದ ಇದನ್ನು ಸಲಹೆ ಅಂತ ಹಿಡಿಯಬೇಡಿ, ವಿಷಯ ತಿಳಿಯಲಿ ಅಂತ ಓದಿ.

ನಿಮ್ಮ ಮನೆಯಲ್ಲಿ ಎರಡು ಒಪ್ಪಂದಗಳಿವೆ. ಒಂದು ಕಾಗದದ ಮೇಲಿನದು, ನೀವು ಮೂವರಿಗೂ ಓನರ್‌ಗೂ ನಡುವೆ. ಇನ್ನೊಂದು ಬಾಯಿಮಾತಿನದು, ನಿಮ್ಮ ಮೂವರ ನಡುವೆ. "ಪಾಲು" ಅನ್ನುವ ಪದ ಇರುವುದು ಎರಡನೆಯದರಲ್ಲಿ ಮಾತ್ರ. ಮೊದಲನೆಯದರಲ್ಲಿ ಪಾಲಿಲ್ಲ, ಬಾಡಿಗೆ ಮಾತ್ರ ಇದೆ.

ಭಾರತೀಯ ಕರಾರು ಕಾಯ್ದೆ, 1872ರ 43ನೇ ಕಲಮು ಇದನ್ನೇ ಹೇಳುತ್ತದೆ. ಇಬ್ಬರು ಅಥವಾ ಹೆಚ್ಚು ಜನ ಸೇರಿ ಒಂದು ಮಾತು ಕೊಟ್ಟರೆ, ಬೇರೆ ಥರ ಸ್ಪಷ್ಟವಾಗಿ ಬರೆದುಕೊಂಡಿಲ್ಲದಿದ್ದರೆ, ಆ ಮಾತನ್ನು ಪೂರ್ತಿಯಾಗಿ ನಡೆಸು ಅಂತ ಅವರಲ್ಲಿ ಯಾರೊಬ್ಬರನ್ನು ಬೇಕಾದರೂ ಕೇಳಬಹುದು. ಓನರ್ ಮೂರೂ ಪಾಲನ್ನು ನಿಮ್ಮೊಬ್ಬರಿಂದಲೇ ಕೇಳಿದರೂ ಕಾನೂನು ಅವರ ಕಡೆಗಿದೆ. ನಿಮ್ಮ ಅಗ್ರಿಮೆಂಟಿನಲ್ಲಿ "ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ" ಅನ್ನುವ ಮಾತು ಇದೆಯಾ ನೋಡಿ. ಇದ್ದರೆ ಬಾಗಿಲು ಇನ್ನೂ ಗಟ್ಟಿ ಮುಚ್ಚಿದೆ ಅಂತ ಅರ್ಥ. ಇಲ್ಲದಿದ್ದರೂ 43 ಇದ್ದೇ ಇದೆ.

---

ಮೂರನೇಮಹಡಿ

ನೋಡ್ದೆ ಮೇಡಂ. ಎರಡನೇ ಪುಟದಲ್ಲಿ, ಸುಣ್ಣ ಬಣ್ಣದ ಷರತ್ತಿನ ಕೆಳಗೆ ಇದೆ: "ಎರಡನೇ ಪಕ್ಷದವರು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಬಾಧ್ಯಸ್ಥರು." ಸಹಿ ಹಾಕುವಾಗ ಇದೇನೋ ಮಂತ್ರ ಅಂದ್ಕೊಂಡಿದ್ದೆ.

ಹಾಗಾದ್ರೆ ಅವನು ಆರಾಮಾಗಿ ಹೋಗಬಹುದಾ? ಇದು ಯಾವ ನ್ಯಾಯ?

---

ಸಿವಿಲ್‌ಸೈಡು

ಆರಾಮಾಗಿ ಹೋಗಲು ಬಿಟ್ಟಿಲ್ಲ. ಅದೇ ಕಲಮಿನ ಮುಂದಿನ ಸಾಲುಗಳನ್ನು ಜನ ಓದುವುದಿಲ್ಲ. ಮಾತು ಕೊಟ್ಟ ಪ್ರತಿಯೊಬ್ಬನೂ ಉಳಿದವರಿಂದ ಸಮಪಾಲು ವಸೂಲು ಮಾಡಬಹುದು. ಯಾರಾದರೂ ಕೊಡದೆ ಕೈಯೆತ್ತಿದರೆ ಆ ನಷ್ಟವನ್ನು ಉಳಿದವರು ಸಮನಾಗಿ ಹೊರಬೇಕು.

ಹೊರಗಿನವರಿಗೆ ನೀವು ಮೂವರೂ ಒಂದೇ ತಕ್ಕಡಿಯಲ್ಲಿದ್ದೀರಿ, ಒಳಗೆ ನಿಮ್ಮ ನಿಮ್ಮ ಲೆಕ್ಕ ನಿಮಗೆ. ಅವನ ಪಾಲು ಕಟ್ಟಿದ ಮೇಲೆ ಅವನ ಮೇಲೆ ದಾವೆ ಹೂಡುವ ಹಕ್ಕು ನಿಮ್ಮದು. ಹಣ ವಸೂಲಿಗೆ ಕಾಲಮಿತಿ ಸಾಮಾನ್ಯವಾಗಿ 3 ವರ್ಷ.

---

ಲೆಕ್ಕದವ

ಮೇಡಂ ಹೇಳಿದ್ದನ್ನ ಅಂಕಿಯಲ್ಲಿ ಇಡ್ತೀನಿ, ಇಲ್ಲಾಂದ್ರೆ ಜನಕ್ಕೆ ತಲೆಗೆ ಹೋಗಲ್ಲ.

ಒಂದು ತಿಂಗಳ ಬಾಡಿಗೆ 6 ಭಾಗ ಅಂದ್ಕೊಳ್ಳಿ. ಮೂವರಿಗೂ ತಲಾ 2. ಮೂರನೇಮಹಡಿಯವರು ಆರೂ ಭಾಗ ಕಟ್ಟಿದ್ರು. ಓಡಿಹೋದವನು ಕೊಡಲ್ಲ, ಅವನಿಂದ ಹುಟ್ಟೋದೂ ಇಲ್ಲ. ಆಗ ಜೊತೆಗಿರೋ ಇನ್ನೊಬ್ಬ ಕೊಡಬೇಕಾದ್ದು 2 ಅಲ್ಲ, 3. ತನ್ನ 2, ಹೋದವನ ಪಾಲಿನ ಅರ್ಧ 1. "ನನ್ನ ಪಾಲು ಕೊಟ್ಟಾಯ್ತು, ಮಿಕ್ಕಿದ್ದು ನಿನ್ನ ಹಣೆಬರಹ" ಅಂತ ಅವನೂ ಹೇಳೋ ಹಾಗಿಲ್ಲ. ಇದನ್ನ ಈಗಲೇ ಅವನ ಹತ್ರ ಮಾತಾಡಿಕೊಳ್ಳಿ. ಮುಂದಿನ ಜಗಳ ಶುರುವಾಗೋದು ಇಲ್ಲೇ.

ಇನ್ನೊಂದು. ಸಮಪಾಲು ಅನ್ನೋದು ಬೇರೆ ಮಾತುಕತೆ ಇಲ್ಲದಾಗ. ದೊಡ್ಡ ಕೋಣೆಯವನು ಜಾಸ್ತಿ ಕೊಡ್ತೀನಿ ಅಂತ ಒಪ್ಪಿದ್ರೆ ಆ ಒಪ್ಪಂದವೇ ನಡೆಯತ್ತೆ. ಅದು ಇತ್ತು ಅಂತ ತೋರಿಸೋಕೆ ಏನಾದ್ರೂ ಇರಬೇಕು ಅಷ್ಟೇ. ಐದು ತಿಂಗಳು ಅದೇ ಮೊತ್ತ ಖಾತೆಗೆ ಬಂದಿದ್ರೆ ಅದೇ ಸಾಕ್ಷಿ.

---

ಕರಿಮಣ್ಣು

ನಮ್ಮಲ್ಲೂ ಹಿಂಗ ಆಗಿತ್ರಿ. ಆದ್ರ ನಮ್ಮಾಂವ ಓನರ್‌ಗೆ ಫೋನ್ ಹಚ್ಚಿ ಕೇಳಿದ್ದ, ಓನರ್ "ಹೋಗಪ್ಪಾ, ನಿಂದೇನೂ ಬಾಕಿ ಇಲ್ಲ" ಅಂದಿದ್ರಂತ. ಆಮ್ಯಾಲೆ ನಾವು ರೊಕ್ಕ ಕೇಳಿದ್ರ, "ಓನರ್ರೇ ಬಿಟ್ಟಾರ, ನೀವ್ಯಾರು ಕೇಳಾಕ" ಅಂದ. ನಾವು ಸುಮ್ಮನಾದ್ವಿ. ಅದು ಖರೇನ ಏನ್ರಿ ಮೇಡಂ?

---

ಸಿವಿಲ್‌ಸೈಡು

ಖರೆ ಅಲ್ಲ. ಅದಕ್ಕೆ ಪಕ್ಕದ ಕಲಮೇ ಇದೆ, 44. ಜಂಟಿಯಾಗಿ ಮಾತು ಕೊಟ್ಟವರಲ್ಲಿ ಒಬ್ಬನನ್ನು ಓನರ್ ಬಿಟ್ಟುಕೊಟ್ಟರೆ ಉಳಿದವರ ಬಾಧ್ಯತೆ ಹೋಗುವುದಿಲ್ಲ. ಹಾಗೆಯೇ, ಬಿಡಿಸಿಕೊಂಡವನು ಉಳಿದ ಜೊತೆಗಾರರಿಗೆ ಕೊಡಬೇಕಾದ್ದರಿಂದಲೂ ಪಾರಾಗುವುದಿಲ್ಲ. ನಿಮ್ಮಾಂವ ನಿಮಗೆ ಟೋಪಿ ಹಾಕಿದ್ದಾನೆ.

---

ಕರಿಮಣ್ಣು

ಮೂರು ವರ್ಷ ದಾಟೇತ್ರಿ. ಹೋಗ್ಲಿ ಬಿಡ್ರಿ, ಅವನ ಲಗ್ನಕ್ಕ ಉಡುಗೊರೆ ಕೊಟ್ಟಿಲ್ಲ, ಅದಕ್ಕ ಜಮಾ.

---

ಹಳೇಬೀಗ

ನಾನು ಮನೆ ಬಾಡಿಗೆಗೆ ಕೊಡುವವನು. ಓನರ್ ಎಂದರೆ ರಾಕ್ಷಸ ಎನ್ನುವ ಧಾಟಿ ಇಲ್ಲಿ ಬರುವ ಮೊದಲೇ ಎರಡು ಮಾತು.

ಹುಡುಗರು ಬರುವಾಗ ಮೂವರೂ ಒಟ್ಟಿಗೆ ಬಂದು "ನಾವೆಲ್ಲ ಒಂದೇ ಅಂಕಲ್" ಎನ್ನುತ್ತಾರೆ. ಹೋಗುವಾಗ ಮಾತ್ರ ಬೇರೆ ಬೇರೆ. ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ, ಯಾರು ಎಷ್ಟು ಕೊಡುತ್ತಾರೆ, ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಒಬ್ಬೊಬ್ಬರ ಪಾಲನ್ನು ಬೇರೆ ಬೇರೆ ಕೇಳಬೇಕೆಂದರೆ ಒಬ್ಬೊಬ್ಬರ ಜೊತೆ ಬೇರೆ ಬೇರೆ ಅಗ್ರಿಮೆಂಟ್ ಮಾಡಿ, ಕೋಣೆ ಲೆಕ್ಕದಲ್ಲಿ ಕೊಡುತ್ತೇನೆ. ಆಗ ಖಾಲಿ ಕೋಣೆಯ ನಷ್ಟ ನನ್ನದು. ಆದರೆ ಆ ಕೋಣೆಗೆ ಯಾರು ಬರಬೇಕೆಂದು ಆರಿಸುವವನೂ ನಾನೇ, ನೀವಲ್ಲ. ಅದಕ್ಕೆ ಒಪ್ಪುವವರು ಎಷ್ಟು ಜನ?

---

ಸಿವಿಲ್‌ಸೈಡು

ಹಳೇಬೀಗ ಸರ್ ಹೇಳಿದ್ದು ಸರಿಯಾದ ಮಾತು. ಇಡೀ ಮನೆಗೆ ಒಂದೇ ಕಾಗದ, ಇಲ್ಲವೇ ಕೋಣೆಗೊಂದು ಕಾಗದ. ಎರಡಕ್ಕೂ ಬೆಲೆ ತೆರಬೇಕು. ಕೋಣೆಗೊಂದು ಕಾಗದ ಇದ್ದರೆ ಪಕ್ಕದವನ ಬಾಕಿ ನಿಮಗೆ ಅಂಟುವುದಿಲ್ಲ, ಆದರೆ ನಡುಮನೆಯೂ ಅಡುಗೆಮನೆಯೂ ಯಾರ ಸ್ವಾಧೀನ ಅನ್ನುವುದು ಮಸುಕಾಗುತ್ತದೆ.

ಮೂರನೆಯ ಬಗೆಯೂ ಇದೆ, ಒಬ್ಬನ ಹೆಸರಲ್ಲಿ ಮಾತ್ರ ಅಗ್ರಿಮೆಂಟ್ ಇದ್ದು ಮಿಕ್ಕವರು ಅವನಿಗೆ ಕೊಡುವುದು. ಹೆಸರಿದ್ದವನು ಓನರ್ ಮುಂದೆ ಬಾಡಿಗೆದಾರ, ಮಿಕ್ಕವರ ಮುಂದೆ ಅರ್ಧ ಓನರ್. ಕಾಗದ ಹರಿದರೆ ಮೊದಲು ಬೀದಿಗೆ ಬರುವವರು ಹೆಸರಿಲ್ಲದವರು. ಇದು ಮೂರರಲ್ಲೂ ಕೆಟ್ಟದ್ದು. ಜನ ಹೆಚ್ಚು ಮಾಡುವುದೂ ಇದನ್ನೇ.

---

ಎರಡನೇಬೀಗದಕೈ

ನಾನೇ ಆ ಹೆಸರಿಲ್ಲದವಳು. ಒಂದೂವರೆ ವರ್ಷದಿಂದ ಇದ್ದೀನಿ, ಪ್ರತಿ ತಿಂಗಳು ಅಕ್ಕನ ಖಾತೆಗೆ (ಸ್ವಂತ ಅಕ್ಕ ಅಲ್ಲ, ಮನೆ ಹಿಡಿದಿರೋರು) ದುಡ್ಡು ಹಾಕ್ತೀನಿ. ಈಗ ಅವರಿಗೂ ನನಗೂ ಮಾತಿಲ್ಲ. ಮೊನ್ನೆ "ವಾರದಲ್ಲಿ ಖಾಲಿ ಮಾಡು, ಇಲ್ಲ ಬೀಗ ಬದಲಾಯಿಸ್ತೀನಿ" ಅಂದ್ರು. ಹಾಗೆ ಮಾಡಬಹುದಾ? ನನಗೆ ಯಾವ ಹಕ್ಕೂ ಇಲ್ವಾ?

---

ಸಿವಿಲ್‌ಸೈಡು

ನಿಮ್ಮ ವಿಷಯ ಸ್ವಲ್ಪ ಸೂಕ್ಷ್ಮ, ನಿಧಾನವಾಗಿ ಓದಿ.

ಮೊದಲು, ನೀವು ಆ ಮನೆಯಲ್ಲಿ ಏನು ಅನ್ನುವ ಪ್ರಶ್ನೆ. ನಿಮಗೇ ಅಂತ ಬಾಗಿಲು ಹಾಕಿಕೊಳ್ಳುವ ಕೋಣೆ ಕೊಟ್ಟು, ಅದರ ಸ್ವಾಧೀನ ನಿಮಗೇ ಬಿಟ್ಟಿದ್ದರೆ ಅದು ಒಳಬಾಡಿಗೆ ಅಂತ ವಾದಿಸಬಹುದು. ಮಂಚವೊಂದು ಇದೆ, ಇದ್ದುಕೋ ಅಂದಿದ್ದರೆ ಅದು ಬರೀ ಅನುಮತಿ, 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಮು ಹೇಳುವ ಲೈಸೆನ್ಸು. ಕಾಗದದ ತಲೆಬರಹದಲ್ಲಿ ಏನಿದೆ ಅನ್ನುವುದಕ್ಕಿಂತ ಪಕ್ಷಗಾರರ ಉದ್ದೇಶವೇನಿತ್ತು, ಸ್ವಾಧೀನ ಯಾರಿಗೆ ಕೊಟ್ಟಿದ್ದರು ಅನ್ನುವುದನ್ನು ನೋಡಬೇಕು ಅಂತ ಸುಪ್ರೀಂ ಕೋರ್ಟು 1959ರಲ್ಲೇ ಹೇಳಿದೆ. ಆ ಕೇಸು ಒಂದು ಹೋಟೆಲಿನೊಳಗಿನ ಎರಡು ಕೋಣೆಗಳಲ್ಲಿ ನಡೆಯುತ್ತಿದ್ದ ಕ್ಷೌರದಂಗಡಿಯದು!

ಎರಡನೆಯದು ಬೀಗದ ಮಾತು. ಸ್ವಾಧೀನದಲ್ಲಿ ಇದ್ದವರನ್ನು ಒಪ್ಪಿಗೆಯಿಲ್ಲದೆ, ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ 6 ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಅಲ್ಲಿ ಮನೆ ಯಾರದು, ಹಕ್ಕು ಯಾರದು ಅನ್ನುವ ವಾದಕ್ಕೆ ಜಾಗವಿಲ್ಲ. ಯಾರು ಇದ್ದರು, ಹೇಗೆ ಹೊರಬಿದ್ದರು ಇಷ್ಟೇ ಪ್ರಶ್ನೆ. ಆದರೆ ನೀವು ಬರೀ ಲೈಸೆನ್ಸಿನಲ್ಲಿ ಇದ್ದವರು ಅಂತಾದರೆ ಈ ದಾರಿ ಕಿರಿದಾಗುತ್ತದೆ. ಅದಕ್ಕೇ ಮೊದಲ ಪ್ರಶ್ನೆ ಮುಖ್ಯ.

ಈಗ ಮಾಡಬೇಕಾದ್ದು ಇಷ್ಟು. ಬ್ಯಾಂಕಿನ ವಿವರಪಟ್ಟಿ ತೆಗೆದಿಡಿ. ನಿಮ್ಮ ಕೋಣೆಯಲ್ಲಿ ನಿಮ್ಮ ಸಾಮಾನು ಇರುವ ಫೋಟೋ ತೆಗೆಯಿರಿ. "ವಾರದಲ್ಲಿ ಖಾಲಿ ಮಾಡು" ಅಂದದ್ದಕ್ಕೆ ಮೆಸೇಜಿನಲ್ಲೇ ಮರ್ಯಾದೆಯಿಂದ ಉತ್ತರ ಕೊಡಿ: ಇಂಥ ತಿಂಗಳಿಂದ ಇಷ್ಟು ಕೊಟ್ಟು ಇದ್ದೇನೆ, ಹುಡುಕಲು ಸಮಯ ಬೇಕು ಅಂತ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ, 1987ರ ಕಾಯ್ದೆಯಲ್ಲೇ ಹಾಗಿದೆ. ನಾಳೆಯೇ ಹೋಗಿ.

---

ಎರಡನೇಬೀಗದಕೈ

ಥ್ಯಾಂಕ್ಸ್ ಮೇಡಂ. ಕೋಣೆಗೆ ಚಿಲಕ ಇದೆ, ಒಳಗಿಂದ ಹಾಕ್ಕೋತೀನಿ. ಬೀಗದಕೈ ಮಾತ್ರ ಅವರ ಹತ್ರ ಒಂದು, ನನ್ನ ಹತ್ರ ಒಂದು. ಇದನ್ನೂ ಹೇಳ್ತೀನಿ ಅಲ್ಲಿ.

---

ಹಳೇಬೀಗ

ಆ ಹೆಣ್ಣುಮಗು ಇರುವುದು ಮನೆಯ ಓನರ್‌ಗೆ ಗೊತ್ತಿದೆಯೇ? ನನ್ನ ಮನೆಯಲ್ಲಿ ನನಗೆ ಗೊತ್ತಿಲ್ಲದೆ ನಾಲ್ಕನೆಯವನು ಬಂದಿದ್ದು ನೀರಿನ ಮೋಟಾರು ಸುಟ್ಟುಹೋದ ದಿನ ತಿಳಿಯಿತು. ಒಳಬಾಡಿಗೆ ಕೊಡಲು ಇವರಿಗೆ ಹಕ್ಕು ಎಲ್ಲಿಂದ ಬಂತು?

---

ಸಿವಿಲ್‌ಸೈಡು

ಸರ್, ನಿಮಗೆ ಇಷ್ಟವಾಗದ ಉತ್ತರ: 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108(ಜೆ) ಪ್ರಕಾರ, ಕರಾರಿನಲ್ಲಿ ಬೇಡ ಅಂತ ಬರೆಯದಿದ್ದರೆ ಬಾಡಿಗೆದಾರ ಒಳಬಾಡಿಗೆಗೆ ಕೊಡಬಹುದು. ಆದ್ದರಿಂದಲೇ ಪ್ರತಿ ಅಗ್ರಿಮೆಂಟಿನಲ್ಲೂ "ಒಳಬಾಡಿಗೆಗೆ ಕೊಡತಕ್ಕದ್ದಲ್ಲ" ಅನ್ನುವ ಸಾಲು ಇರುತ್ತದೆ. ಇನ್ನು ಬಾಡಿಗೆ ನಿಯಂತ್ರಣ ಕಾಯ್ದೆಗಳು ಅನ್ವಯಿಸುವ ಕಡೆ ಅದು ತಿರುಗುಮುರುಗು. ಉದಾಹರಣೆಗೆ ದೆಹಲಿಯ 1958ರ ಕಾಯ್ದೆಯಲ್ಲಿ ಲಿಖಿತ ಒಪ್ಪಿಗೆ ಇಲ್ಲದ ಒಳಬಾಡಿಗೆ ಮನೆ ಬಿಡಿಸಲು ನೇರ ಕಾರಣ. 2021ರಲ್ಲಿ ಕೇಂದ್ರ ತಂದ ಮಾದರಿ ಬಾಡಿಗೆ ಕಾಯ್ದೆಯೂ ಒಪ್ಪಂದ ಬರೆದುಕೊಳ್ಳದೆ ಒಳಬಾಡಿಗೆ ಬೇಡ ಅನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನದಾಗಿಸಿಕೊಂಡರಷ್ಟೇ ಕಾನೂನು.

---

ಮಂಜುಮುಸುಕು

ನಾನಿರೋದು ಇಂಗ್ಲೆಂಡಲ್ಲಿ. ಇಲ್ಲಿ ಜಂಟಿ ಬಾಡಿಗೆಗೆ ಒಂದು ವಿಚಿತ್ರ ನಿಯಮ ಇದೆ, ಕೇಳಿದ್ರೆ ನಿಮಗೆ ನಂಬಿಕೆ ಬರಲ್ಲ. ನಿಗದಿತ ಅವಧಿ ಇಲ್ಲದೆ ತಿಂಗಳಿಂದ ತಿಂಗಳಿಗೆ ನಡೀತಿರೋ ಜಂಟಿ ಬಾಡಿಗೆ ಆದ್ರೆ, ಇಬ್ಬರಲ್ಲಿ ಒಬ್ಬರು ಸರಿಯಾಗಿ ನೋಟಿಸ್ ಕೊಟ್ರೆ ಸಾಕು, ಇಡೀ ಬಾಡಿಗೆಯೇ ಮುಗೀತು. ಇನ್ನೊಬ್ಬರಿಗೆ ಗೊತ್ತೇ ಇಲ್ಲದಿದ್ರೂ! ಆಗ ಇಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ 1991ರ ಕೊನೆಯಲ್ಲಿ ಕೊಟ್ಟ ತೀರ್ಪು. ಜೋಡಿಯಲ್ಲಿ ಆಕೆ ಮನೆಬಿಟ್ಟು ಹೋಗಿ ನೋಟಿಸ್ ಕೊಟ್ಲು, ಉಳಿದವನಿಗೆ ಮನೆ ಹೋಯ್ತು. ಬಾಡಿಗೆ ಮುಂದುವರೀಬೇಕು ಅಂದ್ರೆ ಎಲ್ಲರ ಇಚ್ಛೆ ಬೇಕು, ಒಬ್ಬರ ಇಚ್ಛೆ ಹೋದ್ರೂ ಅದು ಉಳಿಯಲ್ಲ ಅನ್ನೋದು ತರ್ಕ.

ಅಡ್ವಾನ್ಸ್ ವಿಷಯದಲ್ಲಿ ಮಾತ್ರ ಇಲ್ಲಿ ನೆಮ್ಮದಿ. ಮಾಮೂಲಿ ಬಾಡಿಗೆಗೆ 5 ವಾರದ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ, 2019ರಿಂದ. ತಗೊಂಡ 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಅದನ್ನ ಭದ್ರ ಮಾಡಬೇಕು. ಮಾಡದಿದ್ರೆ ಅಡ್ವಾನ್ಸ್‌ನ ಒಂದರಿಂದ ಮೂರು ಪಟ್ಟು ದಂಡ. ಆದ್ರೆ ಜಂಟಿ ಬಾಡಿಗೆಯಲ್ಲಿ ಆ ಅಡ್ವಾನ್ಸ್ ಒಂದೇ ಗಂಟು. ಒಬ್ಬ ಗೋಡೆ ಹಾಳು ಮಾಡಿದ್ರೂ ಎಲ್ಲರ ಗಂಟಿಂದ ಕಡಿತ.

---

ಕಾಡಂಚು

ಜರ್ಮನಿಯಲ್ಲಿ ಸರಿಯಾಗಿ ಉಲ್ಟಾ. ಎಲ್ಲರ ಹೆಸರಲ್ಲಿ ಕರಾರು ಇದ್ರೆ ಬಿಡೋದಕ್ಕೂ ಎಲ್ಲರೂ ಸೇರಿ ನೋಟಿಸ್ ಕೊಡಬೇಕು. ಒಬ್ಬಳು ಕೊಟ್ಟ ನೋಟಿಸ್‌ಗೆ ಕಾಗದದ ಬೆಲೆಯೂ ಇಲ್ಲ. ನನ್ನ ಹಳೇ ಮನೆಯ ಹುಡುಗಿ ಬೇರೆ ಊರಿಗೆ ಹೋಗಿ ವರ್ಷ ಆದ್ರೂ ಬಾಡಿಗೆಗೆ ಹೊಣೆಯಾಗೇ ಇದ್ಲು, ಪಾಪ.

ಬದಲಿಗೆ ಬೇರೆಯವರನ್ನ ತರ್ತೀವಿ ಅನ್ನೋದೂ ಹಕ್ಕಲ್ಲ. 2022ರ ಏಪ್ರಿಲ್‌ನಲ್ಲಿ ಇಲ್ಲಿನ ಅತ್ಯುನ್ನತ ಸಿವಿಲ್ ಕೋರ್ಟು ಹೇಳಿತು: ಹಲವರು ಸೇರಿ ಮನೆ ಹಿಡಿದಿದ್ದಾರೆ ಅನ್ನೋದರಿಂದಲೇ ಬಾಡಿಗೆದಾರರನ್ನ ಬದಲಾಯಿಸೋ ಹಕ್ಕು ಹುಟ್ಟಲ್ಲ, ಬೇಕಿದ್ರೆ ಕರಾರಲ್ಲಿ ಬರೆಸಿಕೊಳ್ಳಿ ಅಂತ. ಅದರ ಬದಲು ಇನ್ನೊಂದು ದಾರಿ ಇದೆ. ಕರಾರು ಆದ ಮೇಲೆ ನ್ಯಾಯವಾದ ಕಾರಣ ಹುಟ್ಟಿದ್ರೆ ಮನೆಯ ಒಂದು ಭಾಗವನ್ನ ಒಳಬಾಡಿಗೆಗೆ ಕೊಡಲು ಓನರ್ ಒಪ್ಪಿಗೆಯನ್ನ ಹಕ್ಕಿನಿಂದ ಕೇಳಬಹುದು. ಅಡ್ವಾನ್ಸ್‌ಗೆ ಮೂರು ತಿಂಗಳ ಬಾಡಿಗೆಯ ಮಿತಿ. ಅದನ್ನೂ ಮೂರು ಕಂತಲ್ಲಿ ಕಟ್ಟಬಹುದು, ಓನರ್ ಅದನ್ನ ತನ್ನ ದುಡ್ಡಿಂದ ಬೇರೆ ಇಟ್ಟು ಬಡ್ಡಿ ಸೇರಿಸಿ ವಾಪಸ್ ಕೊಡಬೇಕು.

---

ಗಿರಕಿ

ಬಡ್ಡಿ ಸೇರಿಸಿ!! ಹಳೇಬೀಗ ಸರ್, ನೀರು ಕುಡೀರಿ.

---

ಹಳೇಬೀಗ

ಕುಡಿದೆನಪ್ಪ.

---

ಪಡುವಣ

ನ್ಯೂಯಾರ್ಕ್ ರಾಜ್ಯದ್ದೂ ಸೇರಿಸಿಬಿಡ್ತೀನಿ. ಇಲ್ಲಿ 1983ರಿಂದ ಕಾನೂನಿನಲ್ಲೇ ಇದೆ: ಬಾಡಿಗೆ ಕರಾರಲ್ಲಿ ಒಬ್ಬನದೇ ಹೆಸರಿದ್ರೂ ಅವನು ಮನೆಯವರ ಜೊತೆಗೆ ಇನ್ನೊಬ್ಬ ಹೊರಗಿನವರನ್ನ ಇಟ್ಕೋಬಹುದು, ಓನರ್ ಬೇಡ ಅಂತ ಬರೆಸಿಕೊಂಡ್ರೂ ನಡೆಯಲ್ಲ. ಹೆಸರು ಮಾತ್ರ 30 ದಿನದಲ್ಲಿ ತಿಳಿಸಬೇಕು. ಆದ್ರೆ ಕೊಕ್ಕೆ ಇರೋದು ಇಲ್ಲಿ. ಕರಾರಿನವನು ಮನೆಬಿಟ್ರೆ, ಜೊತೆಗಿದ್ದವನಿಗೆ ಓನರ್ ಬರೆದುಕೊಟ್ಟ ಒಪ್ಪಿಗೆ ಇಲ್ಲದೆ ಅಲ್ಲೇ ಮುಂದುವರಿಯೋ ಹಕ್ಕು ಹುಟ್ಟಲ್ಲ. ಇರೋಕೆ ಹಕ್ಕು ಇದೆ, ಉಳಿಯೋಕೆ ಇಲ್ಲ.

---

ಮೂರನೇಮಹಡಿ

ದೇಶ ವಿದೇಶ ಸುತ್ತಿ ಬಂದ್ವಿ, ನನ್ನ ನಡುಕೋಣೆಗೆ ವಾಪಸ್ ಬರೋಣ. ಒಂದು ವಿಷಯ ಮೊದಲು ಹೇಳಿರಲಿಲ್ಲ, ಮುಚ್ಚಿಟ್ಟೆ ಅಂತಾನೇ ಅಂದ್ಕೊಳ್ಳಿ. ಅವನು ಹೋಗುವಾಗ ಮಂಚ, ಒಂದು ಮಾನಿಟರ್, ಎರಡು ರಟ್ಟಿನ ಡಬ್ಬಿ ಬಿಟ್ಟುಹೋಗಿದ್ದಾನೆ. ನಾನು ಆ ಕೋಣೆಗೆ ಹೊಸ ಬೀಗ ಹಾಕಿ, "ಬಾಡಿಗೆ ಕೊಟ್ಟು ಸಾಮಾನು ಬಿಡಿಸಿಕೊಂಡು ಹೋಗು" ಅಂತ ಮೆಸೇಜ್ ಹಾಕಿದೀನಿ. ಇದೊಂದು ನನ್ನ ಕೈಲಿರೋ ಹಿಡಿ.

---

ಸಿವಿಲ್‌ಸೈಡು

ಅಯ್ಯೋ. ಬೀಗ ತೆಗೆಯಿರಿ, ಇವತ್ತೇ.

ಬಾಕಿ ಬರುವ ತನಕ ಇನ್ನೊಬ್ಬರ ವಸ್ತು ಹಿಡಿದಿಟ್ಟುಕೊಳ್ಳುವ ಸಾಮಾನ್ಯ ಹಕ್ಕು ಯಾರಿಗಿದೆ ಅಂತ ಕರಾರು ಕಾಯ್ದೆಯ 171ನೇ ಕಲಮು ಪಟ್ಟಿ ಕೊಡುತ್ತದೆ: ಬ್ಯಾಂಕಿನವರು, ಸರಕು ಮಾರಿಕೊಡುವ ದಲಾಲರು, ಹಡಗುಕಟ್ಟೆಯವರು, ಹೈಕೋರ್ಟಿನ ಅಟಾರ್ನಿಗಳು, ವಿಮಾ ದಲ್ಲಾಳಿಗಳು. ರೂಮ್‌ಮೇಟ್ ಆ ಪಟ್ಟಿಯಲ್ಲಿಲ್ಲ. ಇಲ್ಲಿಯವರೆಗೆ ನೀವು ಹಣ ಬರಬೇಕಾದವರು. ಆ ಮೆಸೇಜಿನ ನಂತರ ಅವನು ನಿಮ್ಮ ಮೇಲೆ ದೂರು ಕೊಡಬಹುದಾದವನು. ಅವನು ಇನ್ನೂ ಕಾಗದದಲ್ಲಿ ಬಾಡಿಗೆದಾರ, ಅದು ಅವನ ಮನೆಯೂ ಹೌದು. ಬಾಡಿಗೆ ಕೊಟ್ಟಿಲ್ಲ ಅನ್ನುವುದು ನಿಮಗೆ ಬೀಗ ಹಾಕುವ ಅಧಿಕಾರ ಕೊಡುವುದಿಲ್ಲ.

ಹೀಗೆ ಬರೆಯಿರಿ: "ನಿನ್ನ ಸಾಮಾನು ಸುರಕ್ಷಿತವಾಗಿದೆ. ಯಾವಾಗ ಬಂದು ತಗೋತೀಯ ಹೇಳು. ಬಾಡಿಗೆ ಬಾಕಿ ಬೇರೆ ವಿಷಯ, ಅದರ ಲೆಕ್ಕ ಲಗತ್ತಿಸಿದ್ದೇನೆ." ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಬೇಡಿ.

---

ಲೆಕ್ಕದವ

ಮತ್ತೆ ಆ ಅಡ್ವಾನ್ಸ್. "ನನ್ನ ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ" ಅಂದ್ನಲ್ಲ, ಹಿಡ್ಕೊಳ್ಳೋಕೆ ಅದು ನಿಮ್ಮ ಕೈಲಿ ಎಲ್ಲಿದೆ? ಓನರ್ ಹತ್ರ ಇದೆ. ಅವರು ಅದನ್ನ ಕೊಡೋದು ಮನೆ ಖಾಲಿ ಮಾಡಿ ಕೀಲಿ ಒಪ್ಪಿಸಿದ ದಿನ. ಅಲ್ಲಿ ತನಕ ಅವನ ಅಡ್ವಾನ್ಸ್ ಅನ್ನೋದು ಬರೀ ಕಾಗದದ ಮೇಲಿನ ಅಂಕಿ. ನೀವು ಈಗ ಕೈಯಿಂದ ಹಾಕಬೇಕು.

ಆದ್ರೆ ಆ ಮೆಸೇಜನ್ನ ಅಳಿಸಬೇಡಿ, ಚಿನ್ನ ಅದು. ಅವನೇ ಬಾಕಿ ಒಪ್ಪಿಕೊಂಡಿದ್ದಾನೆ, ಅಡ್ವಾನ್ಸಿಂದ ಕಳೆಯೋಕೆ ಅನುಮತಿನೂ ಕೊಟ್ಟಿದ್ದಾನೆ.

---

ಸಿವಿಲ್‌ಸೈಡು

ಹೌದು. ಮೊಬೈಲಿನ ಮಾತುಕತೆಯನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಬರೀ ಸ್ಕ್ರೀನ್‌ಶಾಟಿನ ಪ್ರಿಂಟು ಹಿಡಿದು ಬರುವವರು ತುಂಬಾ. ಮೂಲ ಫೋನು ಹಾಳಾಗದಂತೆ ನೋಡಿಕೊಳ್ಳಿ.

ಇಷ್ಟು ಸಣ್ಣ ಮೊತ್ತಕ್ಕೆ ವರ್ಷಗಟ್ಟಲೆ ಕೋರ್ಟು ಅಲೆಯಬೇಡಿ ಅಂತ ವಕೀಲಳಾಗಿಯೇ ಹೇಳುತ್ತೇನೆ, ನನ್ನ ಹೊಟ್ಟೆಗೆ ನಾನೇ ಕಲ್ಲು. ಲೋಕ ಅದಾಲತ್ತಿಗೆ ದಾವೆ ಹೂಡುವ ಮೊದಲೇ ಹೋಗಬಹುದು, ನ್ಯಾಯಾಲಯ ಶುಲ್ಕವಿಲ್ಲ. ಅಲ್ಲಿ ಇಬ್ಬರೂ ಒಪ್ಪಿ ಸಹಿ ಹಾಕಿದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಅವನು ಒಪ್ಪಬೇಕು ಅನ್ನುವುದೊಂದೇ ತೊಡಕು.

---

ಕರಿಮಣ್ಣು

11 ತಿಂಗಳಿಗೇ ಯಾಕ ಮಾಡ್ತಾರ್ರಿ ಎಲ್ಲಾರೂ? ಒಂದು ತಿಂಗಳು ಕೂಡಿಸಿದ್ರ ಏನಾಕ್ಕೈತಿ?

---

ಸಿವಿಲ್‌ಸೈಡು

ಒಂದು ವರ್ಷ ಮೀರಿದ ಗೇಣಿ (ಅಂದರೆ ಬಾಡಿಗೆ ಕರಾರು), ಅಥವಾ ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿ, ನೋಂದಣಿಯಾಗಬೇಕು (1908ರ ನೋಂದಣಿ ಕಾಯ್ದೆ, 17ನೇ ಕಲಮು). ಆ ಖರ್ಚು, ಓಡಾಟ ತಪ್ಪಿಸಲು 11. ನೋಂದಣಿ ಬೇಡವೆಂದರೂ ಛಾಪಾ ಶುಲ್ಕ (ಸ್ಟಾಂಪ್ ಡ್ಯೂಟಿ) ಬೇಕೇ ಬೇಕು. ಕಡಿಮೆ ಶುಲ್ಕದ ಕಾಗದವನ್ನು ಕೋರ್ಟು ದಂಡ ಕಟ್ಟಿಸಿಕೊಳ್ಳದೆ ಸಾಕ್ಷ್ಯವಾಗಿ ಮುಟ್ಟುವುದಿಲ್ಲ. ಅಗ್ಗದ ಛಾಪಾ ಕಾಗದ ಜಗಳದ ದಿನ ದುಬಾರಿ. ಇನ್ನು 11 ಮುಗಿದ ಮೇಲೂ ಬಾಡಿಗೆ ತೆಗೆದುಕೊಳ್ಳುತ್ತಾ ಸುಮ್ಮನಿದ್ದರೆ ಅದು ತಿಂಗಳ ಬಾಡಿಗೆಯಾಗಿ ನಡೆಯುತ್ತದೆ, ಬೇರೆ ಮಾತಿಲ್ಲದಿದ್ದರೆ ಬಿಡಿಸಲು 15 ದಿನದ ನೋಟಿಸ್ ಸಾಕು.

---

ಹಳೇಬೀಗ

ಮೂರನೇಮಹಡಿ, ನಿನಗೆ ನೇರವಾಗಿ ಹೇಳುತ್ತೇನೆ ಮಗು. ನಿನ್ನ ಓನರ್ ಹತ್ತಿರ ಜಗಳಕ್ಕೆ ಹೋಗಬೇಡ, ಆಳು ಹುಡುಕಿಕೊಂಡು ಹೋಗು. ಐದನೇ ತಾರೀಖಿನ ಬಾಡಿಗೆ ಪೂರ್ತಿ ಹಾಕು. ಆಮೇಲೆ ಹೊಸಬನನ್ನು ಕರೆದುಕೊಂಡು ಹೋಗಿ "ಇವನ ಹೆಸರು ಸೇರಿಸಿ, ಹೋದವನ ಹೆಸರು ತೆಗೆಯಿರಿ" ಎಂದು ಕೇಳು. ನಾನಾದರೆ ಒಪ್ಪುತ್ತೇನೆ. ಬೇಡ ಎನ್ನುವುದು ಗುಟ್ಟಾಗಿ ತಂದು ಇಟ್ಟುಕೊಂಡಾಗ.

ಕಾಗದ ಮಾತ್ರ ಹೊಸದೇ ಮಾಡಿಸು. ಹಳೆಯ ಕಾಗದದಲ್ಲಿ ಹೆಸರು ಹೊಡೆದು ಮೇಲೆ ಇನ್ನೊಂದು ಬರೆಯುವ ಕೆಲಸ ಬೇಡ.

---

ಲೆಕ್ಕದವ

ಅದಕ್ಕೆ ಒಂದು ಸೇರಿಸ್ತೀನಿ. ಹೊಸಬ ಬಂದಾಗ ಎಲ್ಲರೂ ಮಾಡೋ ತಪ್ಪು: ಅವನು ಹಳಬನಿಗೆ ಅಡ್ವಾನ್ಸ್ ಕೊಟ್ಟು ಜಾಗ ಹಿಡೀತಾನೆ, ಓನರ್ ಪುಸ್ತಕದಲ್ಲಿ ಏನೂ ಬದಲಾಗಲ್ಲ. ವರ್ಷದ ಕೊನೆಗೆ ಗೋಡೆಗೆ ತೂತು, ಬಾಗಿಲ ಹಿಡಿ ಮುರಿದದ್ದು ಅಂತ ಓನರ್ ಕಡಿತ ಮಾಡಿದಾಗ ಹಳಬ ಮಾಡಿದ ತೂತಿಗೆ ಹೊಸಬ ದುಡ್ಡು ತೆರ್ತಾನೆ. ಕೋಣೆ ಕೈಬದಲಾಗೋ ದಿನ ನಾಲ್ಕು ಗೋಡೆ, ನೆಲ, ಕಿಟಕಿ, ವಿದ್ಯುತ್ ಮೀಟರ್ ಫೋಟೋ ತೆಗೆದು ಗುಂಪಲ್ಲಿ ಹಾಕಿ, ಹಳಬನೂ ಆ ಗುಂಪಲ್ಲಿ ಇರುವಾಗಲೇ. ಅವನು ಗುಂಪು ಬಿಟ್ಟ ಮೇಲೆ ಹಾಕಿದ ಫೋಟೋಗೆ "ನಾನು ನೋಡೇ ಇಲ್ಲ" ಅಂತಾನೆ.

ವರ್ಗಾವಣೆಯ ಷರಾದಲ್ಲಿ "ರೂಮ್" ಅಂತ ಹಾಕಬೇಡಿ. "ಜೂನ್ ಬಾಡಿಗೆ, ನನ್ನ ಪಾಲು" ಅಂತ ಹಾಕಿ.

---

ಮಂಜುಮುಸುಕು

ಮಾಮೂಲಿ ಸವೆತಕ್ಕೆ ಕಡಿತ ಮಾಡೋ ಹಾಗಿಲ್ಲ ಅನ್ನೋದನ್ನೂ ನೆನಪಿಟ್ಕೊಳ್ಳಿ. ಬಣ್ಣ ಮಾಸೋದು, ನೆಲ ಸವೆಯೋದು ಬಾಡಿಗೆಯಲ್ಲೇ ಬಂತು. ಭಾರತದ ಕಾನೂನಲ್ಲೂ ಹೀಗೇ ಅಲ್ವಾ ಮೇಡಂ?

---

ಸಿವಿಲ್‌ಸೈಡು

ಹೌದು, ಸ್ವತ್ತು ವರ್ಗಾವಣೆ ಕಾಯ್ದೆಯ 108(ಎಂ). ನ್ಯಾಯವಾದ ಸವೆತವನ್ನು ಬಿಟ್ಟು ಉಳಿದದ್ದು ಕೊಟ್ಟಾಗ ಇದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು. ಆದರೆ "ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಕಡಿತ" ಅಂತ ಸಹಿ ಹಾಕಿಬಿಟ್ಟಿದ್ದರೆ ಮೊದಲು ಆ ಸಾಲಿನ ಜೊತೆ ಹೋರಾಡಬೇಕು.

---

ಎರಡನೇಬೀಗದಕೈ

ಪ್ರಾಧಿಕಾರದ ಕಚೇರಿಗೆ ಹೋಗಿ ಬಂದೆ. ಅಲ್ಲಿನ ವಕೀಲರು ಅಕ್ಕನಿಗೆ ಫೋನ್ ಮಾಡಿ ಮಾತಾಡಿದ್ರು. ಬೀಗ ಬದಲಾಯಿಸಲ್ಲ, ತಿಂಗಳ ಕೊನೆ ತನಕ ಇರು ಅಂದಿದ್ದಾರೆ. ನಾನೂ ಬೇರೆ ಮನೆ ನೋಡ್ತಿದೀನಿ. ಈ ಸಲ ನನ್ನ ಹೆಸರಿಲ್ಲದ ಕಾಗದದ ಮನೆಗೆ ಕಾಲಿಡಲ್ಲ.

---

ಮೂರನೇಮಹಡಿ

ನನ್ನದೂ ಒಂದು ಹಂತಕ್ಕೆ ಬಂತು. ಬಾಡಿಗೆ ನಾವಿಬ್ಬರೂ ಅರ್ಧ ಅರ್ಧ ಹಾಕಿ ಕಟ್ಟಿದ್ವಿ. ಬೀಗ ತೆಗೆದೆ, ಮೇಡಂ ಬರೆದುಕೊಟ್ಟ ಮೆಸೇಜೇ ಕಳಿಸಿದೆ. ಮೂರು ದಿನ ಉತ್ತರ ಇಲ್ಲ, ನಾಲ್ಕನೇ ದಿನ ಬಂದ. ಮಾನಿಟರ್, ಡಬ್ಬಿ ಒಯ್ದ. ಮಂಚ ಹೊಸಬನಿಗೇ ಇರಲಿ, ಅದರ ಬೆಲೆ ಬಾಕಿಯಲ್ಲಿ ಕಳೀರಿ ಅಂದ. ಒಂದು ಕಾಲು ಕಿರ್ ಕಿರ್ ಅನ್ನತ್ತೆ, ಆದ್ರೂ ಒಪ್ಪಿದ್ವಿ. ಉಳಿದ ಬಾಕಿಗೆ ಒಂದು ಚೀಟಿ ಬರೆದು ಸಹಿ ಹಾಕಿಸಿಕೊಂಡೆ.

ಓನರ್ ಹೊಸ ಕಾಗದಕ್ಕೆ ಒಪ್ಪಿದ್ದಾರೆ. ನಾಡಿದ್ದು ಸಹಿ. "ಜಂಟಿಯಾಗಿಯೂ ಪ್ರತ್ಯೇಕವಾಗಿಯೂ" ಅನ್ನೋ ಸಾಲು ತೆಗೀತೀರಾ ಅಂತ ಕೇಳಿದೆ, ನಕ್ಕರು. ಅದು ಹಾಗೇ ಇದೆ. ಅದಕ್ಕೆ ನಾವು ಮೂವರು ಬೇರೆ ಒಂದು ಹಾಳೆಯಲ್ಲಿ ಬರ್ಕೊಂಡಿದೀವಿ: ಹೋಗೋದಾದ್ರೆ ಎರಡು ತಿಂಗಳು ಮುಂಚೆ ಹೇಳಬೇಕು, ಬದಲಿ ಆಳು ಬರೋ ತನಕ ಪಾಲು ಕೊಡಬೇಕು, ಹೊಸಬನನ್ನ ಉಳಿದಿಬ್ಬರೂ ಒಪ್ಪಬೇಕು.

---

ಸಿವಿಲ್‌ಸೈಡು

ಒಳ್ಳೆಯದಾಯಿತು. ಆ ಹಾಳೆ ಓನರ್‌ಗೆ ತಗಲುವುದಿಲ್ಲ, ನಿಮ್ಮ ಮೂವರಿಗೆ ತಗಲುತ್ತದೆ. ತಾರೀಖು ಹಾಕಿದ್ದೀರಾ?

---

ಮೂರನೇಮಹಡಿ

ಹಾಕಿದೀವಿ ಮೇಡಂ. ಆದ್ರೆ ಕೋಣೆಯ ಫೋಟೋ ತೆಗೆದ ಫೋನಿನ ತಾರೀಖೇ ತಪ್ಪಿತ್ತು, ಎರಡು ವರ್ಷ ಹಿಂದೆ ತೋರಿಸ್ತಿದೆ. ಸಂಜೆ ಮತ್ತೆ ತೆಗೀತೀನಿ. ಮಂಚದ ಹಿಂದೆ ಗೋಡೆಯಲ್ಲಿ ಮುಷ್ಟಿ ಗಾತ್ರದ್ದೊಂದು ಗುಂಡಿ ಬೇರೆ ಸಿಕ್ಕಿದೆ.

---

ಗಿರಕಿ

ಮಂಚ ಯಾಕೆ ಬಿಟ್ಟುಹೋದ ಅಂತ ಈಗ ಗೊತ್ತಾಯ್ತು.